ಮೊದಲು ದವಾ, ಜೊತೆಗೆ ದುವಾ

ದವಾ ಎಂದರೆ ಔಷಧ, ದುವಾ ಎಂದರೆ ಪ್ರಾರ್ಥನೆ. ರೋಗ ಬಂದಾಗ ಔಷಧ ಮಾಡಬೇಕೋ, ದೇವರ ಮೇಲೆ ಭಾರ ಹಾಕಿ ಸುಮ್ಮನಿರಬೇಕೋ ಎಂಬ ಪ್ರಶ್ನೆಯನ್ನು ಅರಬ್ಬೀ ಮರುಭೂಮಿಯ ಅಲೆಮಾರಿಗಳು ಪ್ರವಾದಿ ಮುಹಮ್ಮದರ ಎದುರಿಗೇ ಇಟ್ಟಿದ್ದರು. ಅಬೂ ದಾವೂದ್ ಸಂಗ್ರಹದ ಹದೀಸಿನ, ಅಂದರೆ ಪ್ರವಾದಿಯವರ ನುಡಿ-ನಡೆಯ ವರದಿಯ, ಪ್ರಕಾರ ಅವರಿಗೆ ಸಿಕ್ಕ ಉತ್ತರದಲ್ಲಿ ಗೊಂದಲವಿರಲಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಬೇಕು, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ದೇವರು ಇಟ್ಟಿಲ್ಲ ಎಂಬುದು ಅದರ ತಾತ್ಪರ್ಯ. ಇದೇ ಸಂಗ್ರಹದಲ್ಲಿ ಇನ್ನೆರಡು ಪ್ರಸಂಗಗಳಿವೆ. ಒಡನಾಡಿ ಸಅದ್ ಇಬ್ನ್ ಅಬೀ ವಕ್ಕಾಸ್ ಎದೆನೋವಿನಿಂದ ಮಲಗಿದಾಗ ಪ್ರವಾದಿಯವರು ನೋಡಲು ಹೋಗಿ, ಸಕೀಫ್ ಕುಲದ ವೈದ್ಯ ಹಾರಿಸ್ ಇಬ್ನ್ ಕಲದಾನ ಬಳಿ ತೋರಿಸಿಕೊಳ್ಳುವಂತೆ ಹೇಳಿದ್ದು ಒಂದು. ಹಾರಿಸ್ ಇಸ್ಲಾಂ ಸ್ವೀಕರಿಸಿದ್ದನೇ ಇಲ್ಲವೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದ್ದರಿಂದಲೇ ಅನ್ಯಧರ್ಮದ ವೈದ್ಯರಲ್ಲಿ ಚಿಕಿತ್ಸೆ ಪಡೆಯಬಹುದೆಂಬುದಕ್ಕೆ ಹಲವು ವಿದ್ವಾಂಸರು ಈ ಪ್ರಸಂಗವನ್ನೇ ಆಧಾರವಾಗಿ ತೋರಿಸುತ್ತಾರೆ. ಇನ್ನೊಂದು, ವೈದ್ಯವಿದ್ಯೆ ಬಾರದೆ ವೈದ್ಯ ಮಾಡಹೋದವನು ಆದ ಹಾನಿಗೆ ಹೊಣೆಗಾರನೆಂಬ ಕಟ್ಟಳೆ. ಈ ಎರಡನೆಯ ಹದೀಸ್ ಇಂದಿನ ಊರುಕೇರಿಗಳಲ್ಲಿ ಇನ್ನೂ ಹೆಚ್ಚು ಬಾರಿ ಕೇಳಿಬರಬೇಕಿತ್ತು.

ಮೂಲದಲ್ಲಿ ಇಷ್ಟು ಸ್ಪಷ್ಟವಿದ್ದ ವಿಷಯವನ್ನು ನಂತರದ ಧರ್ಮಶಾಸ್ತ್ರಜ್ಞರು ಚರ್ಚಿಸಲು ಕಾರಣ ‘ತವಕ್ಕುಲ್’, ಅಂದರೆ ದೇವರಲ್ಲಿ ಪೂರ್ಣ ಭರವಸೆ. ಮದ್ದು ತಿಂದರೆ ಆ ಭರವಸೆಗೆ ಕುಂದಲ್ಲವೇ ಎಂಬ ಸಂಶಯ ಸೂಫಿಗಳ ವಲಯದಲ್ಲಿ ಬಲವಾಗಿತ್ತು. 1111ರಲ್ಲಿ ತೀರಿಕೊಂಡ ಇಮಾಂ ಗಜಾಲಿ ಇದನ್ನು ಬಿಡಿಸಿದ ರೀತಿ ಇಂದಿಗೂ ಉಪಯುಕ್ತ. ಕೇಡನ್ನು ನಿವಾರಿಸುವ ಸಾಧನಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಖಚಿತವಾದದ್ದು: ಬಾಯಾರಿಕೆಗೆ ನೀರು, ಹಸಿವಿಗೆ ರೊಟ್ಟಿ. ಇದನ್ನು ಬಿಟ್ಟು ಸಾಯುವುದು ಭಕ್ತಿಯಲ್ಲ, ಪಾಪ. ಎರಡನೆಯದು ಸಂಭವನೀಯವಾದದ್ದು: ರಕ್ತ ತೆಗೆಸುವುದು, ಭೇದಿಗೆ ಕೊಡುವುದು ಮುಂತಾಗಿ ಅಂದಿನ ವೈದ್ಯದ ಬಹುಭಾಗ. ಮೂರನೆಯದು ಬರೀ ಊಹೆಯದು: ಕಾದ ಕಬ್ಬಿಣದಿಂದ ಬರೆ ಹಾಕುವುದು, ಮಂತ್ರಿಸುವುದು. ಔರಂಗಜೇಬನ ಕಾಲದಲ್ಲಿ ಸಂಕಲನಗೊಂಡ ಹನಫೀ ಶಾಸ್ತ್ರಗ್ರಂಥ ‘ಫತಾವಾ ಆಲಂಗೀರಿ’ಯಲ್ಲೂ ಇದೇ ವಿಂಗಡಣೆಯಿದೆ. ಅನ್ನ ಬಿಟ್ಟು ಸತ್ತವನು ಪಾಪಿ, ಮದ್ದು ಬಿಟ್ಟು ಸತ್ತವನು ಪಾಪಿಯಲ್ಲ ಎಂದು ಅದು ತೀರ್ಮಾನಿಸಿತು. ಮದ್ದಿನಿಂದ ಗುಣವಾಗುವುದು ಅಂದು ಖಚಿತವಿರಲಿಲ್ಲ ಎಂಬುದಷ್ಟೇ ಅದಕ್ಕೆ ಕಾರಣ.

ಇಡೀ ಚರ್ಚೆಯ ಕೀಲು ಇರುವುದು ಇಲ್ಲಿ. ಹದಿನೇಳನೆಯ ಶತಮಾನದಲ್ಲಿ ಎರಡನೆಯ ಸಾಲಿನಲ್ಲಿದ್ದ ಎಷ್ಟೋ ಚಿಕಿತ್ಸೆಗಳು ಈಗ ಮೊದಲನೆಯ ಸಾಲಿಗೆ ಬಂದು ಕುಳಿತಿವೆ. ಹಾವಿನ ವಿಷ ಏರಿದವನಿಗೆ ಪ್ರತಿವಿಷ, ಒಂದನೇ ಮಾದರಿಯ ಮಧುಮೇಹವಿರುವ ಮಗುವಿಗೆ ಇನ್ಸುಲಿನ್, ಹೆರಿಗೆಯಲ್ಲಿ ರಕ್ತ ಸೋರುವ ಬಾಣಂತಿಗೆ ರಕ್ತ, ಇವು ಇಂದು ಸಂಭವನೀಯ ಉಪಾಯಗಳಲ್ಲ, ಬಾಯಾರಿದವನಿಗೆ ನೀರು. ಇಸ್ಲಾಮಿಕ್ ಸಹಕಾರ ಸಂಘಟನೆಯ ಅಂತರರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ ಸೇರಿ ಇದನ್ನು ನಿರ್ಣಯದ ರೂಪಕ್ಕಿಳಿಸಿತು. ಚಿಕಿತ್ಸೆ ಮೂಲತಃ ಶಾಸ್ತ್ರಸಮ್ಮತ, ಅದನ್ನು ಬಿಟ್ಟರೆ ಜೀವವೋ ಅಂಗವೋ ಹೋಗುವಂತಿದ್ದರೆ ಅಥವಾ ರೋಗ ಇತರರಿಗೆ ಹರಡುವಂತಿದ್ದರೆ ಅದು ಕಡ್ಡಾಯ ಎಂಬುದು ಆ ನಿರ್ಣಯದ ಸಾರ. ಉತ್ತರ ಕರ್ನಾಟಕದ ಮುಸ್ಲಿಮರಲ್ಲಿ ಬಹುಪಾಲು ಜನ ಹನಫೀ ಪಂಥದವರಾದ್ದರಿಂದ ಈ ಶಾಸ್ತ್ರಚರ್ಚೆ ಇಲ್ಲಿನ ಮನೆಗಳಿಗೂ ನೇರವಾಗಿ ಸಂಬಂಧಿಸಿದ್ದು.

ಮನೆಮದ್ದು, ಬರೆ, ಹಿಜಾಮಾ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಮೈಗೆ ಸರಿಯಿಲ್ಲ ಎಂದಾಗ ಹಿಡಿಯುವ ದಾರಿಗಳು ಹಲವು. ಅಜ್ಜಿಯ ಡಬ್ಬಿಯಲ್ಲಿನ ಅಜವಾನ, ಜೇನು, ಕಲೋಂಜಿ ಒಂದು. ಕಾಮಣಿಗೆ ಸೊಪ್ಪಿನ ರಸ ಕೊಡುವ, ಮುರಿದ ಎಲುಬಿಗೆ ಪಟ್ಟಿ ಕಟ್ಟುವ ನಾಟಿ ವೈದ್ಯರು ಇನ್ನೊಂದು. ಮಸೀದಿಯ ಮೌಲ್ವಿಯವರು ಊದಿಕೊಟ್ಟ ನೀರು, ದರ್ಗಾದ ತಾಯತ ಮತ್ತೊಂದು. ಕಡೆಗೆ, ಕೆಲವೊಮ್ಮೆ ತೀರಾ ಕಡೆಗೆ, ದವಾಖಾನೆ. ಪಿಂಜಾರ-ನದಾಫರ ಮನೆಯಲ್ಲಿ ನಡೆಯುವುದಕ್ಕೂ ಪಕ್ಕದ ಲಿಂಗಾಯತರ, ಕುರುಬರ ಮನೆಯಲ್ಲಿ ನಡೆಯುವುದಕ್ಕೂ ಇದರಲ್ಲಿ ದೊಡ್ಡ ಅಂತರವಿಲ್ಲ. ಆದರೆ ಮುಸ್ಲಿಂ ಮನೆಗಳಲ್ಲಿ ಕೆಲವು ಮನೆಮದ್ದುಗಳಿಗೆ ಪ್ರವಾದಿಯವರ ಹೆಸರಿನ ಬಲವೂ ಇದೆ. ‘ತಿಬ್ಬೆ ನಬವಿ’, ಅಂದರೆ ಪ್ರವಾದಿ ವೈದ್ಯ, ಎಂದು ಕರೆಯುವುದು ಇದನ್ನೇ.

ಜೇನಿನಲ್ಲಿ ಜನರಿಗೆ ಉಪಶಮನವಿದೆ ಎಂಬ ಮಾತು ಕುರ್‌ಆನಿನ 16ನೇ ಅಧ್ಯಾಯದಲ್ಲಿ ಬರುತ್ತದೆ. ಕಲೋಂಜಿಯ ಕಪ್ಪು ಬೀಜ, ಸೋನಾಮುಖಿಯ ಎಲೆ, ಅಜ್ವಾ ಖರ್ಜೂರ, ರಕ್ತ ಹೀರುವ ಹಿಜಾಮಾ ಮೊದಲಾದವನ್ನು ಹದೀಸುಗಳು ಹೊಗಳುತ್ತವೆ. ಇವನ್ನೆಲ್ಲ ಒಟ್ಟುಗೂಡಿಸಿ ಬರೆದವರಲ್ಲಿ ಹದಿನಾಲ್ಕನೆಯ ಶತಮಾನದ ಡಮಾಸ್ಕಸಿನ ಇಬ್ನ್ ಖಯ್ಯಿಮ್ ಅಲ್-ಜೌಜಿಯ್ಯ ಪ್ರಸಿದ್ಧರು. ಅದೇ ಶತಮಾನದ ಕೊನೆಯಲ್ಲಿ ಇತಿಹಾಸಕಾರ ಇಬ್ನ್ ಖಲ್ದೂನ್ 1377ರ ತಮ್ಮ ‘ಮುಖದ್ದಿಮಾ’ದಲ್ಲಿ ಬೇರೆಯೇ ನಿಲುವು ತಳೆದರು. ಹದೀಸುಗಳಲ್ಲಿ ಬರುವ ವೈದ್ಯ ಅಂದಿನ ಅರಬ್ಬರ ರೂಢಿಯ ವೈದ್ಯ, ದೈವವಾಣಿಯ ಭಾಗವಲ್ಲ, ಪ್ರವಾದಿಯವರು ಬಂದದ್ದು ಧರ್ಮ ಕಲಿಸಲೇ ಹೊರತು ವೈದ್ಯ ಕಲಿಸಲಲ್ಲ ಎಂದು ಅವರು ವಾದಿಸಿದರು. ಅದಕ್ಕೆ ಆಧಾರವಾಗಿ ಕೊಟ್ಟದ್ದು ಖರ್ಜೂರದ ಮರಗಳ ಪ್ರಸಂಗ. ಹೆಣ್ಣುಮರಕ್ಕೆ ಗಂಡುಹೂವಿನ ಪರಾಗ ಕಟ್ಟುವುದು ಬೇಡವೇನೋ ಎಂದು ಪ್ರವಾದಿಯವರು ಅಂದದ್ದನ್ನು ಕೇಳಿ ಮದೀನಾದ ರೈತರು ಬಿಟ್ಟುಬಿಟ್ಟರು, ಆ ವರ್ಷ ಫಸಲು ಕೈಕೊಟ್ಟಿತು. ಲೌಕಿಕ ವ್ಯವಹಾರ ನಿಮಗೇ ಚೆನ್ನಾಗಿ ಗೊತ್ತು ಎಂಬರ್ಥದಲ್ಲಿ ಪ್ರವಾದಿಯವರು ರೈತರ ಅನುಭವಕ್ಕೆ ಮನ್ನಣೆ ಕೊಟ್ಟರು.

ಇಬ್ನ್ ಖಲ್ದೂನರ ನಿಲುವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಅದನ್ನು ಒಪ್ಪದವರೂ ಕಲೋಂಜಿ ತಿಂದು ಇನ್ಸುಲಿನ್ ಬಿಡಿ ಎಂದು ಹೇಳುವ ಹಾಗಿಲ್ಲ. ಸಾವೊಂದನ್ನು ಬಿಟ್ಟು ಎಲ್ಲಕ್ಕೂ ಮದ್ದು ಎಂದು ಕಲೋಂಜಿಯ ಬಗ್ಗೆ ಬಂದ ಹದೀಸನ್ನು ಹಳೆಯ ವ್ಯಾಖ್ಯಾನಕಾರರಲ್ಲೇ ಹಲವರು ಅಕ್ಷರಶಃ ತೆಗೆದುಕೊಳ್ಳಲಿಲ್ಲ. ಶೀತಪ್ರಕೃತಿಯ ರೋಗಗಳಿಗೆ, ಬೇರೆ ಮದ್ದುಗಳ ಜೊತೆ ಸೇರಿಸಿ, ವೈದ್ಯನ ವಿವೇಚನೆಯಂತೆ ಎಂದೇ ಅರ್ಥಮಾಡಿದರು. ಕಲೋಂಜಿಯಲ್ಲಿರುವ ಥೈಮೋಕ್ವಿನೋನ್ ಎಂಬ ರಾಸಾಯನಿಕದ ಮೇಲೆ ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆಯುತ್ತಿರುವುದು ನಿಜ. ಅದು ಭರವಸೆಯ ಮಾತು, ಚಿಕಿತ್ಸೆಯ ಚೀಟಿಯಲ್ಲ. ಜೇನಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ಮಕ್ಕಳ ವೈದ್ಯರು ಹೇಳುವುದು ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆಯ ಕಾರಣಕ್ಕೆ. ಹುಟ್ಟಿದ ಮಗುವಿನ ಬಾಯಿಗೆ ಸಿಹಿ ಮುಟ್ಟಿಸುವ ‘ತಹ್ನೀಕ್’ ಪದ್ಧತಿಗೆ ಹದೀಸಿನಲ್ಲಿರುವುದು ಜೇನಲ್ಲ, ಅಗಿದು ಮೆದುಮಾಡಿದ ಖರ್ಜೂರ.

ಬರೆಯ ವಿಷಯ ಇದಕ್ಕಿಂತ ನೋವಿನದು. ಹೊಟ್ಟೆ ಉಬ್ಬರಿಸಿದ, ಕಾಮಣಿಯಾದ, ಫಿಟ್ಸ್ ಬಂದ ಹಸುಗೂಸುಗಳ ಹೊಟ್ಟೆಯ ಮೇಲೆ ಕಾದ ಕಬ್ಬಿಣದಿಂದಲೋ ಬಳೆಚೂರಿನಿಂದಲೋ ಬರೆ ಎಳೆಯುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಜಾತಿ-ಧರ್ಮ ನೋಡದೆ ನಡೆದುಬಂದಿದೆ. ಸುಟ್ಟ ಗಾಯ ಕೀವಾಗಿ, ನಂಜೇರಿ, ಮೂಲರೋಗಕ್ಕಿಂತ ಅದೇ ದೊಡ್ಡದಾಗಿ ಆಸ್ಪತ್ರೆಗೆ ಬರುವ ಕೂಸುಗಳಿವೆ. ಉಪಶಮನ ಜೇನು, ಹಿಜಾಮಾ, ಬರೆ ಈ ಮೂರರಲ್ಲಿದೆ ಎಂದ ಹದೀಸೇ, ಬರೆಯನ್ನು ಮಾತ್ರ ಪ್ರವಾದಿಯವರು ಒಪ್ಪುವುದಿಲ್ಲ ಎಂದೂ ಸೇರಿಸುತ್ತದೆ. ಯುದ್ಧದಲ್ಲಿ ಗಾಯಗೊಂಡ ಇನ್ನೊಬ್ಬ ಒಡನಾಡಿ ಸಅದ್ ಇಬ್ನ್ ಮುಆಜರ ರಕ್ತ ನಿಲ್ಲಿಸಲು ಅದನ್ನು ಬಳಸಿದ್ದುಂಟು, ಬೇರೆ ದಾರಿ ಇಲ್ಲದಾಗಿನ ಮಾತದು. ಗಜಾಲಿಯವರ ವಿಂಗಡಣೆಯಲ್ಲಿ ಬರೆ ಬಿದ್ದದ್ದು ಮೂರನೆಯ ಸಾಲಿಗೆ. ಹೀಗಿರುವಾಗ ಹಸುಗೂಸಿನ ಹೊಟ್ಟೆ ಸುಡುವುದಕ್ಕೆ ಧರ್ಮದ ಆಸರೆ ಎಲ್ಲಿಯೂ ಇಲ್ಲ.

ಕೊಂಬು ಅಥವಾ ಬಟ್ಟಲನ್ನು ಚರ್ಮಕ್ಕೆ ಅಂಟಿಸಿ, ಸಣ್ಣ ಗೀರು ಹಾಕಿ ರಕ್ತ ಹೀರುವ ಹಿಜಾಮಾ ಇತ್ತೀಚೆಗೆ ಮತ್ತೆ ಜನಪ್ರಿಯವಾಗಿದೆ. ಚಾಂದ್ರಮಾನ ತಿಂಗಳ 17, 19, 21ನೇ ದಿನಗಳು ಅದಕ್ಕೆ ಶ್ರೇಷ್ಠವೆಂಬ ನಂಬಿಕೆಯಿಂದ ಆ ದಿನಗಳಂದು ಬೇಡಿಕೆ ಹೆಚ್ಚು. ಯುನಾನಿ ಕಾಲೇಜುಗಳಲ್ಲಿ ಇದನ್ನು ‘ಇಲಾಜ್ ಬಿತ್ ತದ್‌ಬೀರ್’ ಎಂಬ ವಿಭಾಗದಡಿ ಕಲಿಸುತ್ತಾರೆ. ಬೆನ್ನುನೋವು, ಕುತ್ತಿಗೆನೋವುಗಳಲ್ಲಿ ಸ್ವಲ್ಪಕಾಲದ ಆರಾಮ ಸಿಗುತ್ತದೆಂದು ಕೆಲವು ಅಧ್ಯಯನಗಳು ಹೇಳಿವೆ, ಅದಕ್ಕಿಂತ ದೊಡ್ಡ ಭರವಸೆಗಳಿಗೆ ಗಟ್ಟಿ ಪುರಾವೆಯಿಲ್ಲ. ಅಪಾಯವಿರುವುದು ಬ್ಲೇಡಿನಲ್ಲಿ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ರಕ್ತ ತಿಳಿಯಾಗಿಸುವ ಗುಳಿಗೆ ತೆಗೆದುಕೊಳ್ಳುವ ಹೃದ್ರೋಗಿ, ರಕ್ತಹೀನತೆಯ ಹೆಣ್ಣುಮಗಳು, ಗಾಯ ಬೇಗ ಮಾಯದ ಮಧುಮೇಹಿ ಇದರಿಂದ ದೂರವಿರಬೇಕಾದವರು. ವೈದ್ಯವಿದ್ಯೆ ಬಾರದೆ ವೈದ್ಯ ಮಾಡಿದವನ ಹೊಣೆಯ ಹದೀಸ್ ಎರಡು ದಿನದ ಶಿಬಿರದಲ್ಲಿ ಹಿಜಾಮಾ ಕಲಿತು ಮನೆಯಲ್ಲಿ ಬೋರ್ಡು ಹಾಕಿದವರಿಗೂ ಅನ್ವಯಿಸುತ್ತದೆ.

ಬೀದರಿನ ಆಸ್ಪತ್ರೆ, ವಿಜಾಪುರದ ಗ್ರಂಥ

ಜನರ ಬಾಯಲ್ಲಿ ಯುನಾನಿ ವೈದ್ಯ ಮುಸ್ಲಿಂ ವೈದ್ಯವಾಗಿಬಿಟ್ಟಿದೆ. ಅದರ ಬೇರು ಗ್ರೀಸಿನದು, ಹಿಪೊಕ್ರೆಟಿಸ್ ಮತ್ತು ಗೇಲನ್‌ರದು. ಬಗ್ದಾದಿನಲ್ಲಿ ಅದನ್ನು ಅರಬ್ಬಿಗೆ ತಂದವರಲ್ಲಿ ಮುಖ್ಯನಾದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ. ಅದೇ ನಗರದಲ್ಲಿ ಭಾರತೀಯ ವೈದ್ಯರ ನೆರವಿನಿಂದ ಸುಶ್ರುತ ಸಂಹಿತೆಯೂ ಅರಬ್ಬಿಗೆ ಹೋಯಿತು. 980ರಿಂದ 1037ರವರೆಗೆ ಬದುಕಿದ್ದ ಇಬ್ನ್ ಸೀನಾ ಬರೆದ ‘ಅಲ್-ಕಾನೂನ್’ ಯುರೋಪಿನ ವಿಶ್ವವಿದ್ಯಾಲಯಗಳಲ್ಲೂ ಶತಮಾನಗಳ ಕಾಲ ಪಠ್ಯವಾಗಿತ್ತು. ಎಲ್ಲಿ ಜ್ಞಾನವಿತ್ತೋ ಅಲ್ಲಿಂದ ತೆಗೆದುಕೊಂಡ ಈ ಧಾರಾಳತನವೇ ಆ ಪರಂಪರೆಯ ನಿಜವಾದ ಹೆಮ್ಮೆ.

ಕನ್ನಡ ನೆಲಕ್ಕೆ ಬಂದಾಗಲೂ ಅದು ಹಾಗೆಯೇ ನಡೆದುಕೊಂಡಿತು. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಹದಿನೈದನೆಯ ಶತಮಾನದ ನಡುವಿನಲ್ಲಿ ಬೀದರಿನಲ್ಲಿ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನ ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ವೈದ್ಯರನ್ನೂ ನೇಮಿಸಿದ್ದನೆಂದು ಬರೆದವನು ಇತಿಹಾಸಕಾರ ಫಿರಿಶ್ತಾ. ಈ ಫಿರಿಶ್ತಾ ವಿಜಾಪುರದಲ್ಲಿ (ಇಂದಿನ ವಿಜಯಪುರ) ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದವನು, ಸ್ವತಃ ವೈದ್ಯವನ್ನೂ ಬಲ್ಲವನು. ಭಾರತೀಯ ವೈದ್ಯಪದ್ಧತಿಯನ್ನು ಫಾರಸಿ ಓದುಗರಿಗೆ ತಿಳಿಸಲು ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥ ಬರೆದ. ಲಕ್ಷ್ಮೇಶ್ವರ ಆಗ ಇದೇ ಆದಿಲ್‌ಶಾಹಿಯ ಆಡಳಿತದಲ್ಲಿತ್ತು, ಅಲ್ಲಿನ ಜುಮ್ಮಾ ಮಸೀದಿಯನ್ನು ಅಧಿಕಾರಿ ಅಂಕುಶ್ ಖಾನ್ 1617ರಲ್ಲಿ ಕಟ್ಟಿಸಿದ್ದು ಇಬ್ರಾಹಿಮನ ಕಾಲದಲ್ಲೇ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲ ಜೇನಿನಲ್ಲಿ ಕಲೆತು ಯುನಾನಿಯ ‘ಇತ್ರೀಫಲ್’ ಆಗಿ ಬೆಳೆದದ್ದು ಈ ಕೊಡುಕೊಳ್ಳುವಿಕೆಯ ಗುರುತು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡ ಔಷಧೀಯ ಸಸ್ಯಗಳಿಗೆ ಹೆಸರಾದದ್ದು. ನಾಟಿ ವೈದ್ಯರಿಗೂ ಪಂಡಿತರಿಗೂ ಆ ಗುಡ್ಡವೇ ಆಧಾರ. ಗಣಿಗಾರಿಕೆಯ ಭಯದ ನಡುವೆ ಜನ ಹೋರಾಡಿದ್ದರಿಂದಲೇ 2019ರಲ್ಲಿ ಅದರ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು.

ಇಂದಿನ ಯುನಾನಿ ಕಾನೂನಿನ ಚೌಕಟ್ಟಿನೊಳಗಿದೆ. 1970ರ ಕಾಯ್ದೆಯಿಂದ ಆರಂಭವಾದ ನಿಯಂತ್ರಣ ಈಗ 2020ರ ಭಾರತೀಯ ವೈದ್ಯಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಡಿ ನಡೆಯುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ, ವಿಜಯಪುರದಲ್ಲಿ ಲುಕ್ಮಾನ್ ಯುನಾನಿ ಕಾಲೇಜು ಇವೆ. ಬಿಯುಎಂಎಸ್ ಓದಿ ನೋಂದಾಯಿಸಿದ ಹಕೀಮರಿಗೂ, ಸಂತೆಯಲ್ಲಿ ಶೀಶೆ ಹರವಿ ಕೂತು ಹಕೀಮರೆಂದು ಹೇಳಿಕೊಳ್ಳುವವರಿಗೂ ಇರುವ ಅಂತರವನ್ನು ರೋಗಿ ತಿಳಿದಿರಬೇಕು. ‘ಕುಷ್ತಾ’ ಎಂಬ ಕೆಲವು ಯುನಾನಿ ಭಸ್ಮಗಳಲ್ಲಿ ಸೀಸ, ಪಾದರಸದಂಥ ಲೋಹಗಳಿರುತ್ತವೆ. ಸರಿಯಾಗಿ ತಯಾರಾಗದಿದ್ದರೆ, ಅಳತೆ ತಪ್ಪಿದರೆ ಅವು ಮೂತ್ರಪಿಂಡಕ್ಕೆ ಕುತ್ತು. ಮಧುಮೇಹ, ಕ್ಯಾನ್ಸರ್ ಮುಂತಾದ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧವೇ ಆಗಿದ್ದರೂ ಗೋಡೆಬರಹಗಳು ನಿಂತಿಲ್ಲ.

ತಾಯತ, ಚೇಳು, ಹಾವು

ದುವಾದ ಕಡೆಗೆ ಬಂದರೆ, ಕುರ್‌ಆನಿನ ಭಾಗಗಳನ್ನು ಓದಿ ರೋಗಿಯ ಮೇಲೆ ಊದುವ ‘ರುಕ್ಯಾ’ಗೆ ಹದೀಸಿನ ಆಧಾರವಿದೆ. ಪ್ರಯಾಣದಲ್ಲಿದ್ದ ಒಡನಾಡಿಗಳು ವಿಷಜಂತು ಕಚ್ಚಿದ ಒಬ್ಬ ಕುಲನಾಯಕನ ಮೇಲೆ ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಊದಿ, ಪ್ರತಿಯಾಗಿ ಕುರಿಗಳನ್ನು ಪಡೆದ ಪ್ರಸಂಗವನ್ನು ಪ್ರವಾದಿಯವರು ಒಪ್ಪಿದರು. ತಾಯತದ ವಿಷಯದಲ್ಲಿ ಒಮ್ಮತವಿಲ್ಲ. ಕಟ್ಟಿಕೊಂಡ ವಸ್ತುವೇ ಕಾಪಾಡುತ್ತದೆಂಬ ನಂಬಿಕೆಯನ್ನು ಹದೀಸುಗಳು ಕಟುವಾಗಿ ಖಂಡಿಸುತ್ತವೆ. ಕುರ್‌ಆನ್ ವಾಕ್ಯ ಬರೆದ ತಾಯತವನ್ನು ಬರೇಲ್ವಿ ವಿದ್ವಾಂಸರು ಒಪ್ಪುತ್ತಾರೆ, ದೇವಬಂದಿಗಳು ಷರತ್ತಿನ ಮೇಲೆ ಬಿಡುತ್ತಾರೆ, ಅಹ್ಲೆ ಹದೀಸ್‌ನವರು ಪೂರ್ತಿ ನಿರಾಕರಿಸುತ್ತಾರೆ. ಗದಗ ಸೀಮೆಯಲ್ಲಿ ಈ ಪಂಥಭೇದಕ್ಕಿಂತ ದೊಡ್ಡದು ದರ್ಗಾಗಳ ಸೆಳೆತ. ಮುಳಗುಂದದ ದಾವಲ್ ಮಲಿಕ್ ದರ್ಗಾಕ್ಕೆ, ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಹಿಂದೂಗಳೂ ಅಷ್ಟೇ. ಶಿರಹಟ್ಟಿಯ ಫಕೀರೇಶ್ವರ ಮಠದ ಗದ್ದುಗೆಗೆ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ರೋಗದಲ್ಲಿ ಮನುಷ್ಯ ಒಂಟಿಯಾಗುತ್ತಾನೆ. ಸಕ್ಕರೆ ಓದಿಸಿ, ಲೋಬಾನದ ಹೊಗೆಯಲ್ಲಿ ಒಂದು ರಾತ್ರಿ ಕಳೆದು ಬಂದವರಿಗೆ ಸಿಗುವ ಧೈರ್ಯವನ್ನು ಹಗುರವಾಗಿ ಕಾಣುವುದು ಸಲ್ಲದು.

ಕೇಡು ಇರುವುದು ದುವಾದಲ್ಲಲ್ಲ, ಅದಕ್ಕಾಗಿ ಕಳೆದ ಹೊತ್ತಿನಲ್ಲಿ. ಹಾವು ಕಚ್ಚಿದ ರೈತನನ್ನು ಊದಿಸಲು ಕರೆದೊಯ್ದು ಕಳೆಯುವ ಎರಡು ತಾಸೇ ಅವನ ಆಯುಷ್ಯ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿದು ಉಸಿರು ನಿಲ್ಲಿಸುತ್ತದೆ. ಕೊಳಕುಮಂಡಲ, ಗರಗಸಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಭಾರತದಲ್ಲಿ ತಯಾರಾಗುತ್ತದೆ, ಬೇರೆ ಯಾವುದೂ ಅದರ ಬದಲಿಗಲ್ಲ. ಮಂತ್ರ ಫಲಿಸಿದಂತೆ ಕಾಣುವುದಕ್ಕೆ ಕಾರಣ ಬಹುತೇಕ ಕಡಿತಗಳು ವಿಷವಿಲ್ಲದ ಹಾವಿನವಾಗಿರುವುದು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುವುದು. ಕರ್ನಾಟಕ ಸರಕಾರ 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಚೇಳಿನ ಕಥೆಯೂ ಹೀಗೆಯೇ. ಕೆಂಪು ಚೇಳು ಕುಟುಕಿ ಮಕ್ಕಳು ಸಾಯುವುದನ್ನು ಮಹಾರಾಷ್ಟ್ರದ ಮಹಾಡದಲ್ಲಿ ಕಣ್ಣಾರೆ ಕಂಡ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯಿಂದ ಆ ಸಾವುಗಳನ್ನು ತಡೆಯಬಹುದೆಂದು ತೋರಿಸಿದರು. ನಮಾಜಿನಲ್ಲಿದ್ದಾಗ ಚೇಳು ಕುಟುಕಿದ ಪ್ರವಾದಿಯವರು ಉಪ್ಪುನೀರು ತರಿಸಿ ಗಾಯದ ಮೇಲೆ ಹಾಕುತ್ತಲೇ ಕುರ್‌ಆನಿನ ಅಧ್ಯಾಯಗಳನ್ನು ಓದಿದರೆಂದು ಒಂದು ವರದಿಯಿದೆ. ಕೈಗೆ ಸಿಕ್ಕ ಮದ್ದು ಒಂದು ಕಡೆ, ಬಾಯಲ್ಲಿ ಪ್ರಾರ್ಥನೆ ಇನ್ನೊಂದು ಕಡೆ, ಎರಡೂ ಒಟ್ಟಿಗೇ. ಅಂದು ಕೈಗೆ ಸಿಕ್ಕದ್ದು ಉಪ್ಪುನೀರು, ಇಂದು ಸಿಗುವುದು ಪ್ರಾಜೋಸಿನ್.

ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ ಕರ್ನಾಟಕದ 2017ರ ಕಾಯ್ದೆ ಪ್ರಾರ್ಥನೆಗೂ ಚಿಕಿತ್ಸೆ ತಪ್ಪಿಸುವುದಕ್ಕೂ ನಡುವಿನ ಗೆರೆಯನ್ನು ಎಚ್ಚರದಿಂದ ಎಳೆದಿದೆ. ಪೂಜೆ, ಪ್ರಾರ್ಥನೆ, ಯಾತ್ರೆಗಳನ್ನು ಅದು ಮುಟ್ಟುವುದಿಲ್ಲ. ನಾಯಿ, ಹಾವು, ಚೇಳು ಕಚ್ಚಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ-ತಂತ್ರ, ಗಂಡಾ-ದೋರಾಗಳ ಚಿಕಿತ್ಸೆ ಕೊಡುವುದು ಅಪರಾಧ. ಇಸ್ಲಾಮಿಕ್ ಧರ್ಮಶಾಸ್ತ್ರದ ತೀರ್ಮಾನವೂ ಇದಕ್ಕಿಂತ ಬೇರೆಯಲ್ಲ.

ಮನೋರೋಗದಲ್ಲಿ ವಿಳಂಬ ತಾಸುಗಳದ್ದಲ್ಲ, ವರ್ಷಗಳದ್ದು. ಜಿನ್ನ್ ಎಂಬ ಕಣ್ಣಿಗೆ ಕಾಣದ ಜೀವಿಗಳಿವೆ ಎಂಬುದು ಮುಸ್ಲಿಮರ ನಂಬಿಕೆಯ ಭಾಗ. ಆದರೆ ಮನಸ್ಸು ಕೆಟ್ಟವರೆಲ್ಲ ಜಿನ್ನ್ ಹಿಡಿದವರೆಂದು ಯಾವ ಪಂಥವೂ ಹೇಳುವುದಿಲ್ಲ. ಹತ್ತನೆಯ ಶತಮಾನದ ಅಬೂ ಜೈದ್ ಅಲ್-ಬಲ್ಖಿ ದುಃಖ, ಭಯ, ಗೀಳುಗಳನ್ನು ದೇಹದ ರೋಗಗಳಂತೆಯೇ ಚಿಕಿತ್ಸೆಗೆ ಒಳಪಡುವ ರೋಗಗಳೆಂದು ಒಂದು ಗ್ರಂಥವನ್ನೇ ಬರೆದಿದ್ದರು. ಆ ವಿವೇಕ ಮರೆತಾಗ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾದ ಸುತ್ತಲಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು. ಅಲ್ಲಿಂದ ಹೊರಟ ಪಾಠ ದರ್ಗಾ ಮುಚ್ಚುವುದಾಗಿರಲಿಲ್ಲ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿ, ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂತು, ದರ್ಗಾ ನೋಡಿಕೊಳ್ಳುವ ಮುಜಾವರರು ರೋಗಿಗಳನ್ನು ಅವರ ಬಳಿ ಕಳಿಸುವ ‘ದವಾ-ದುವಾ’ ಕಾರ್ಯಕ್ರಮ ಆರಂಭವಾಯಿತು. ಏರ್ವಾಡಿಯಲ್ಲೂ ಮುಂದೆ ಅದನ್ನೇ ಅನುಸರಿಸಿದರು. ತಾಲ್ಲೂಕು ಮಟ್ಟಕ್ಕೆ ಮನೋರೋಗದ ಚಿಕಿತ್ಸೆ ತಲುಪಿಸುವ ಮಾದರಿಯನ್ನು ದೇಶಕ್ಕೆ ಕೊಟ್ಟದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಗದಗಿಗೆ ಹತ್ತಿರ. ಮುಳಗುಂದದಲ್ಲಿ, ಲಕ್ಷ್ಮೇಶ್ವರದಲ್ಲಿ ಉರುಸಿನ ದಿನಗಳಂದಾದರೂ ಇಂಥದೊಂದು ಮನೋವೈದ್ಯರ ಮೇಜು ಹಾಕುವುದು ಕಷ್ಟದ ಕೆಲಸವೇನಲ್ಲ.

ಸಾಂಕ್ರಾಮಿಕ, ಲಸಿಕೆ, ರೋಜಾ

ಸಾಂಕ್ರಾಮಿಕದ ವಿಷಯದಲ್ಲಿ ಹದೀಸಿನ ಸೂಚನೆ ನೇರ: ಪ್ಲೇಗ್ ಇರುವ ಊರಿಗೆ ಹೋಗಬಾರದು, ಇದ್ದ ಊರಿನಲ್ಲಿ ಬಂದರೆ ಬಿಟ್ಟು ಓಡಬಾರದು. 639ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಎದ್ದ ಸುದ್ದಿ ಕೇಳಿ ಖಲೀಫ ಉಮರ್ ದಾರಿಯಲ್ಲೇ ಹಿಂತಿರುಗಲು ನಿರ್ಧರಿಸಿದಾಗ, ದೇವರ ವಿಧಿಯಿಂದ ಓಡುತ್ತೀರಾ ಎಂದು ಸೇನಾನಿ ಅಬೂ ಉಬೈದಾ ಆಕ್ಷೇಪಿಸಿದರು. ಒಂದು ವಿಧಿಯಿಂದ ದೇವರದೇ ಇನ್ನೊಂದು ವಿಧಿಗೆ ಹೋಗುತ್ತಿರುವುದಾಗಿ ಉಮರ್ ಉತ್ತರ ಕೊಟ್ಟರು. ಇಸ್ಲಾಮಿನಲ್ಲಿ ಮುನ್ನೆಚ್ಚರಿಕೆಯ ತತ್ವಕ್ಕೆ ಇದಕ್ಕಿಂತ ಗಟ್ಟಿ ಬುನಾದಿ ಬೇಕಿಲ್ಲ. 1898ರಲ್ಲಿ ಧಾರವಾಡ ಜಿಲ್ಲೆಗೆ ಪ್ಲೇಗ್ ಬಂದಾಗ ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಜಗತ್ತಿನ ಪ್ಲೇಗ್ ಲಸಿಕೆಯ ಇತಿಹಾಸದಲ್ಲಿ ಈ ಊರುಗಳ ಹೆಸರಿದೆ. ಮುಂದೆ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರ ಆಸ್ಪತ್ರೆ, 2015ರಿಂದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಈ ಭಾಗದ ರೋಗಿಗಳಿಗೆ ಆಸರೆಯಾದವು. ಹಾರಿಸನ ಪ್ರಸಂಗ ಬಲ್ಲವರಿಗೆ ಮಿಷನ್ ಆಸ್ಪತ್ರೆಯ ಮೆಟ್ಟಿಲು ಹತ್ತಲು ಧರ್ಮದ ಅಡ್ಡಿಯಿರಲಿಲ್ಲ.

ಲಸಿಕೆಯ ಬಗ್ಗೆ ಆಗಾಗ ಏಳುವ ಗುಮಾನಿಗೆ ಹಜ್ ಯಾತ್ರೆಯೇ ಉತ್ತರ. 1987ರ ಹಜ್ ವೇಳೆ ಮೆದುಳುಪೊರೆಯ ಉರಿಯೂತ ಹರಡಿದ ನಂತರ ಸೌದಿ ಸರಕಾರ ಅದರ ಲಸಿಕೆಯನ್ನು ಯಾತ್ರಿಕರಿಗೆ ಕಡ್ಡಾಯ ಮಾಡಿತು. ಭಾರತದಿಂದ ಹೋಗುವವರು ಪೋಲಿಯೊ ಹನಿಯನ್ನೂ ಹಾಕಿಸಿಕೊಳ್ಳಬೇಕು. ಅಂದರೆ ಹಾಜಿಗಳು ಕಾಬಾ ತಲುಪುವ ಮೊದಲು ಲಸಿಕೆಯ ಶಿಬಿರವನ್ನು ಹಾದುಹೋಗುತ್ತಾರೆ. ಕೋವಿಡ್ ಬಂದಾಗ 2020ರ ರಂಜಾನಿನಲ್ಲಿ ಮಸೀದಿಗಳು ಮುಚ್ಚಿದ್ದವು, ತರಾವೀಹ್ ಎಂಬ ರಾತ್ರಿಯ ನಮಾಜು ಮನೆಗಳಲ್ಲೇ ನಡೆಯಿತು. ಮರುವರ್ಷ ರೋಜಾ ಇದ್ದಾಗಲೂ ಲಸಿಕೆ ಹಾಕಿಸಿಕೊಳ್ಳಬಹುದು, ಅದರಿಂದ ವ್ರತ ಮುರಿಯದು ಎಂದು ಹಲವು ಉಲೇಮಾಗಳು ಸ್ಪಷ್ಟಪಡಿಸಿದರು.

ರೋಜಾದ ವಿಷಯದಲ್ಲಿ ವೈದ್ಯರಿಗೂ ಮೌಲ್ವಿಗಳಿಗೂ ಮಾತುಕತೆ ಬಹಳ ಬೇಕು. ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಕೊಟ್ಟದ್ದು ಕುರ್‌ಆನೇ. ಗುಣವಾದ ಮೇಲೆ ಬಿಟ್ಟ ದಿನಗಳನ್ನು ತುಂಬಿಸಬೇಕು, ಗುಣವಾಗದ ರೋಗವಾದರೆ ದಿನಕ್ಕೊಬ್ಬ ಬಡವನಿಗೆ ಊಟ ಕೊಡುವ ‘ಫಿದ್ಯಾ’ ಸಾಕು. ಆದರೂ ಮಧುಮೇಹಿಗಳು ಉಪವಾಸ ಬಿಡಲು ಒಪ್ಪುವುದಿಲ್ಲ. 13 ದೇಶಗಳಲ್ಲಿ 2001ರಲ್ಲಿ ನಡೆದ ಎಪಿಡಯಾರ್ ಅಧ್ಯಯನದಲ್ಲಿ ಎರಡನೇ ಮಾದರಿಯ ಮಧುಮೇಹಿಗಳಲ್ಲಿ ಶೇ 79ರಷ್ಟು, ಒಂದನೇ ಮಾದರಿಯವರಲ್ಲೂ ಶೇ 43ರಷ್ಟು ಜನ ಕನಿಷ್ಠ 15 ದಿನ ರೋಜಾ ಇಟ್ಟಿದ್ದರು. ಎರಡನೇ ಮಾದರಿಯವರಲ್ಲಿ ಸಕ್ಕರೆ ಅಪಾಯಕಾರಿಯಾಗಿ ಇಳಿದ ಪ್ರಕರಣಗಳು ಏಳೂವರೆ ಪಟ್ಟು ಹೆಚ್ಚಿದ್ದವು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿಯ ಪ್ರಕಾರ ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ, ಸೂರ್ಯಾಸ್ತಕ್ಕೆ ಅರ್ಧ ತಾಸು ಉಳಿದಿದ್ದರೂ, ರೋಜಾ ಬಿಡಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ. ಪೌಷ್ಟಿಕಾಂಶಕ್ಕಲ್ಲದ ಇಂಜೆಕ್ಷನ್, ಕಣ್ಣಿನ ಹನಿಗಳಿಂದಲೂ ಮುರಿಯದು ಎಂದು ಜಿದ್ದಾದ ಅಕಾಡೆಮಿ 1997ರಲ್ಲಿ ನಿರ್ಣಯಿಸಿದೆ. ಉಬ್ಬಸದ ಪಂಪಿನ ಬಗ್ಗೆ ಮಾತ್ರ ಭಾರತದ ಹನಫೀ ಮುಫ್ತಿಗಳಲ್ಲಿ ಹೆಚ್ಚಿನವರು ರೋಜಾ ಮುರಿಯುತ್ತದೆಂದೇ ಹೇಳುತ್ತಾರೆ. ಹಾಗಾದರೂ ಅದರ ಅರ್ಥ ಪಂಪು ಬಿಡಿ ಎಂದಲ್ಲ, ಆ ದಿನದ ರೋಜಾ ಬಿಡಿ ಎಂದು. ರಂಜಾನ್ ಬರುವ ಎರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಗುಳಿಗೆ, ಇನ್ಸುಲಿನ್ನಿನ ಅಳತೆ ಬದಲಿಸಿಕೊಂಡರೆ ಎಷ್ಟೋ ಜನ ಸುರಕ್ಷಿತವಾಗಿ ರೋಜಾ ಇಡಬಲ್ಲರು.

ಇನ್ನು ಕೆಲವು ಪ್ರಶ್ನೆಗಳು ಚರ್ಚೆಯಲ್ಲಿವೆ. ಹಂದಿಯ ಮೂಲದ ಹೆಪಾರಿನ್, ಜೆಲಟಿನ್, ಮದ್ಯಸಾರವಿರುವ ಸಿರಪ್ಪುಗಳಿಗೆ ಅನಿವಾರ್ಯದಲ್ಲಿ ನಿಷಿದ್ಧವೂ ಸಮ್ಮತವೆಂಬ ಕುರ್‌ಆನಿನ ತತ್ವ ಅನ್ವಯಿಸುತ್ತದೆ. ಬದಲಿ ಇದ್ದರೆ ಬದಲಿ, ಇಲ್ಲದಿದ್ದರೆ ಜೀವ ಮೊದಲು. ಹೆಣ್ಣುಮಕ್ಕಳಿಗೆ ಹೆಣ್ಣು ವೈದ್ಯರೇ ಸಿಗಲೆಂಬ ಅಪೇಕ್ಷೆ ಸಹಜ, ಸಿಗದಾಗ ಗಂಡಸು ವೈದ್ಯರು ನೋಡುವುದಕ್ಕೆ ಶಾಸ್ತ್ರದ ತಡೆಯಿಲ್ಲ. ಹೆರಿಗೆ ನೋವಿನಲ್ಲಿರುವ ಸೊಸೆಯನ್ನು ಲೇಡಿ ಡಾಕ್ಟರ್ ಬರಲೆಂದು ಕಾಯಿಸುವ ಹಿರಿಯರಿಗೆ ಇದನ್ನು ಮಸೀದಿಯಿಂದಲೇ ಹೇಳಿಸಬೇಕು. ಅಂಗಾಂಗ ಕಸಿಯನ್ನು ಜಿದ್ದಾದ ಅಕಾಡೆಮಿ 1988ರಲ್ಲಿ ಷರತ್ತುಗಳೊಂದಿಗೆ ಒಪ್ಪಿತು, ಅಂಗಗಳ ಮಾರಾಟವನ್ನು ನಿಷೇಧಿಸಿತು. ಭಾರತ-ಪಾಕಿಸ್ತಾನದ ಹಲವು ಹಿರಿಯ ಮುಫ್ತಿಗಳು ಮೃತದೇಹದ ಘನತೆಯ ಕಾರಣ ಕೊಟ್ಟು ಇದನ್ನು ವಿರೋಧಿಸುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಿದವರ ಅಂಗಗಳನ್ನೂ ಮನೆಯವರ ಒಪ್ಪಿಗೆಯಿಲ್ಲದೆ ತೆಗೆಯುವುದಿಲ್ಲ. ಹೀಗಾಗಿ ಈ ವಿಷಯ ಮನೆಯವರ ನಡುವೆಯೂ ಮಸೀದಿಯ ವಿದ್ವಾಂಸರೊಡನೆಯೂ ಮೊದಲೇ ಮಾತಾಡಿ ಇಟ್ಟುಕೊಳ್ಳಬೇಕಾದದ್ದು.